ಹೆಸರಿಡುವ ಪದಕ್ಕೊಂದು ಹೆಸರು

ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಹಾಡುವವರಿಗೇನೂ ಬರವಿಲ್ಲ. ಓಣಿಗೊಂದು ಭಜನಾ ಮೇಳ, ಊರಿಗೆರಡು ಡೊಳ್ಳಿನ ಸಂಘ. ಆದರೆ ತಾವೇ ಪದ ಕಟ್ಟಿ, ತಾವೇ ಧಾಟಿ ಹಚ್ಚಿ, ತಾವೇ ಹಾಡಿ, ಆ ಪದ ತೊಟ್ಟಿಲು ಕಟ್ಟಿದ ಮನೆಮನೆಗೂ ತಾನಾಗಿಯೇ ನಡೆದುಹೋಗುವಂತೆ ಮಾಡಿದ ಹೆಣ್ಣುಮಗಳು ಯಾರೆಂದು ಕೇಳಿದರೆ ಮೊದಲು ಬರುವ ಹೆಸರು ಹೊಳೆವ್ವ ಅಂಕಲಿಯವರದು. ಮೂವತ್ತಾರು ವರ್ಷ ಸರಕಾರಿ ದಾದಿಯಾಗಿ ದುಡಿದು, ಈ ೧೯೯೯ರ ಮೇ ತಿಂಗಳಲ್ಲಿ ನಿವೃತ್ತರಾಗುತ್ತಿರುವ ಅವರು ಜನರ ಬಾಯಲ್ಲಿ 'ನರ್ಸಬಾಯಾರು'. ಕರೋಶಿಯ ಆರೋಗ್ಯ ಕೇಂದ್ರದಲ್ಲಿ ಅವರೊಡನೆ ಇಪ್ಪತ್ತು ವರ್ಷ ಔಷಧ ಹಂಚಿ, ಬಿಡುವಿನಲ್ಲಿ ಅವರ ಹಾಡಿಗೆ ಹಾರ್ಮೋನಿಯಂ ನುಡಿಸಿದ ಕಂಪೌಂಡರ್ ಸತ್ಯಪ್ಪನಿಗೆ, ಅಂದರೆ ಈ ಲೇಖನ ಬರೆಯಲು ಕುಳಿತಿರುವ ಪಾಪಿಗೆ, ಅವರು ಮೊದಲು ಕವಿ, ಆಮೇಲೆ ಬಾಯಾರು. ಪಾಪಿ ಎಂಬುದು ವಿನಯದ ಮಾತಲ್ಲ, ಕಾರಣ ಮುಂದಿದೆ.

ಅವರ ತಂದೆ ಧೂಳಪ್ಪನವರು ಅಂಕಲಿಯಲ್ಲಿ ಕುರಿ ಕಾಯುತ್ತಿದ್ದವರು, ಡೊಳ್ಳಿನ ಪದದ ಹುರಿಯಾಳು. ಹೆಣ್ಣುಮಗಳು ಡೊಳ್ಳು ಮುಟ್ಟುವಂತಿರಲಿಲ್ಲ, ಕೇಳುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಹಟ್ಟಿಯ ಮೂಲೆಯಲ್ಲಿ ಕುಳಿತೇ ಹೊಳೆವ್ವನವರು ಪಲ್ಲವಿ ಎಂದರೇನು, ನುಡಿ ಎಂದರೇನು, ಕಡೆಯ ನುಡಿಯಲ್ಲಿ ಊರು, ದೇವರು ಮತ್ತು ಕಟ್ಟಿದವರ ಹೆಸರು ಹೇಗೆ ಕೂಡಬೇಕು ಎಂಬುದನ್ನೆಲ್ಲ ಕಲಿತರು. "ಕಡೀ ನುಡಿಯಾಗ ಹೆಸರಿಲ್ಲದ ಪದ ಅಂದ್ರ ಗುರುತ ಹಾಕದ ಕುರಿ ಇದ್ದಂಗ ಮಗಳ. ಯಾರ ಹಿಂಡಿಗೆ ಹೋದ್ರೂ ಅವರದಾ" ಎಂದು ಧೂಳಪ್ಪನವರು ಹೇಳುತ್ತಿದ್ದರಂತೆ. ತಾಯಿಯ ಬೀಸುವ ಪದಗಳು ಧಾಟಿ ಕೊಟ್ಟವು, ತಂದೆಯ ಡೊಳ್ಳು ಲೆಕ್ಕ ಕೊಟ್ಟಿತು.

ಆದರೂ ನಲವತ್ತು ದಾಟುವ ತನಕ ಅವರು ಹಾಡಿದ್ದೆಲ್ಲ ಬೇರೆಯವರ ಪದಗಳೇ. ೧೯೮೪ರಲ್ಲಿ ಕರೋಶಿಯ ಕೆಂಚವ್ವನವರ ಮನೆಯಲ್ಲಿ ನಾಲ್ಕನೆಯ ಮೊಮ್ಮಗಳು ಹುಟ್ಟಿದಳು. ತೊಟ್ಟಿಲು ಕಟ್ಟುವುದೂ ಬೇಡ, ಹೆಸರಿಡುವುದೂ ಬೇಡ ಎಂದು ಅಜ್ಜಿ ಪಟ್ಟು ಹಿಡಿದು ಕುಳಿತರು. ಕೂಸನ್ನು ನೋಡಿಹೋಗಲು ಬಂದಿದ್ದ ಬಾಯಾರು ಚೀಲ ಕೆಳಗಿಟ್ಟು, ತಾವೇ ಹಗ್ಗ ಬಿಗಿದು ತೊಟ್ಟಿಲು ಕಟ್ಟಿ, ನಿಂತ ಕಾಲಮೇಲೆ ಪದ ಎತ್ತಿದರು:

ಹೆಣ್ಣಂತ ಮಾರಿ ಗಂಟ ಹಾಕೀದಿ ಯಾಕ ಆಯಿ,
ಹೊಳಿ ಹೆಣ್ಣು, ಹೊಲ ಹೆಣ್ಣು, ಹಡದಾಕಿ ನೀ ಹೆಣ್ಣು.

ಕೆಂಚವ್ವನವರು ಮೊದಲು ದುರುಗುಟ್ಟಿ ನೋಡಿದರು, ಆಮೇಲೆ ನಕ್ಕುಬಿಟ್ಟರು. "ನಿಮ್ಮ ಬಾಯಿಗೆ ಯಾರ ಸಮ ಆಗ್ತಾರ ಬಿಡ್ರಿ ಬಾಯಾರ. ತೂಗ್ರಿ, ತೂಗ್ರಿ!" ಕೂಸಿಗೆ ಅಂದೇ ಹೆಸರಾಯಿತು. ಮುಂದೆ ಬಾಯಾರು ಆ ಪದಕ್ಕೆ ಐದು ನುಡಿ ಸೇರಿಸಿ, ಕಡೆಯದರಲ್ಲಿ 'ಅಂಕಲಿ ಧೂಳಪ್ಪನ ಮಗಳ ಹೊಳೆವ್ವ ಕಟ್ಟ್ಯಾಳ' ಎಂದು ವಿಧಿವತ್ತಾಗಿ ಗುರುತು ಹಾಕಿದರು.

ಅಲ್ಲಿಂದ ಆರು ವರ್ಷ ಅವರ ಕಲೆ ಬೆಳೆದ ಬಗೆಯೇ ಬೇರೆ. ಆರಂಭದ ಪದಗಳಲ್ಲಿ ಮಾತು ವಿಪರೀತ. ಚುಚ್ಚುಮದ್ದಿನ ಉಪದೇಶವೂ ನುಸುಳುತ್ತಿತ್ತು. ಹಾರ್ಮೋನಿಯಂ ಮುಂದೆ ಕುಳಿತು ಇದು ಪದವೋ ಸುತ್ತೋಲೆಯೋ ಎಂದು ಕಂಪೌಂಡರ್ ಅಣಕಿಸಿದರೆ, ಅವರು ಸಿಟ್ಟಾಗದೆ ಮರುದಿನ ಅರ್ಧಕ್ಕರ್ಧ ಕಡಿದುಕೊಂಡು ಬರುತ್ತಿದ್ದರು. ನಿಪ್ಪಾಣಿಯ ತಂಬಾಕು ಕೆಲಸದ ಹೆಣ್ಣುಮಕ್ಕಳ ಪಕ್ಕ ಕುಳಿತು ಮರಾಠಿ ಪಾಳಣಾ, ಅಂದರೆ ಅವರ ತೊಟ್ಟಿಲ ಪದ, ಕೇಳಿದರು; ಆ ಧಾಟಿಯ ಇಳಿತವನ್ನು ಕನ್ನಡದ ನುಡಿಗೆ ಎಷ್ಟು ಹದವಾಗಿ ಕೂಡಿಸಿದರೆಂದರೆ, ಹೊಲಿಗೆ ಎಲ್ಲಿದೆಯೆಂದು ಹುಡುಕಿದರೂ ಸಿಗದು.

೧೯೯೦ರಲ್ಲಿ ನಿಪ್ಪಾಣಿಯ ಒಂದು ಕೋಣೆಯಲ್ಲಿ, ಕಿಟಕಿಗೆ ಕೌದಿ ಕಟ್ಟಿ, ಅವರ ಹಾಡುಗಳ ಧ್ವನಿಮುದ್ರಣವಾಯಿತು. ಕೆಂಚವ್ವನವರ ಮನೆಯಲ್ಲಿ ಹುಟ್ಟಿದ ಆ ತೊಟ್ಟಿಲ ಪದ ಮುಗಿಯುವ ಮೊದಲೇ ಕ್ಯಾಸೆಟ್ಟಿನ ಒಂದು ಬದಿ ತುಂಬುವಂತಿತ್ತು. ಆಗ ಸತ್ಯಪ್ಪನೆಂಬ ಜಾಣ, "ಕಡೀ ನುಡಿ ಬಿಟ್ಟಬಿಡ್ರಿ ಬಾಯಾರ, ಜಾಗ ಸಾಲಂಗಿಲ್ಲ" ಎಂದ. ಅವರು ಬಿಟ್ಟೇ ಹಾಡಿದರು. ಕ್ಯಾಸೆಟ್ಟು ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲೆಲ್ಲ ಕೂಗತೊಡಗಿತು. ಅದರ ಹೊದಿಕೆಯ ಮೇಲೆ ಅಚ್ಚಾಗಿದ್ದದ್ದು: 'ಜಾನಪದ. ಕವಿ ಯಾರೆಂದು ತಿಳಿದಿಲ್ಲ.'

ಇದರ ಪೆಟ್ಟು ಬಿದ್ದದ್ದು ಎರಡು ವರ್ಷದ ನಂತರ, ಅಥಣಿಯ ಸ್ವಂತ ರಚನೆಗಳ ಸ್ಪರ್ಧೆಯಲ್ಲಿ. ಬಾಯಾರು ಅದೇ ತೊಟ್ಟಿಲ ಪದದ ಎರಡನೆಯ ನುಡಿಗೆ ಬರುವಷ್ಟರಲ್ಲಿ ತೀರ್ಪುಗಾರರು ಕೈಯೆತ್ತಿ ತಡೆದರು. "ಇದು ನಮ್ಮನಿ ಹೆಣ್ಣಮಕ್ಕಳೆಲ್ಲಾ ಹಾಡೂ ಹಳೀ ಪದ ಐತ್ರಿ. ನಿಮ್ಮ ಸ್ವಂತದ್ದಿದ್ರ ಹಾಡ್ರಿ." ತುಂಬಿದ ಸಭೆಯಲ್ಲಿ ಕೆಲವರು ನಕ್ಕರು. ಬಾಯಾರು ಕೈಮುಗಿದು ಇಳಿದರು. ಸತ್ಯಪ್ಪನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು.

"ಇಷ್ಟ ಕೂಸಿಗೆ ಹೆಸರಿಡಿಸಿದ ಪದಕ್ಕ ಹೆಸರಿಲ್ಲಂತ್ರಿ ಕಂಪೌಂಡರ್" ಎಂದರು ಬಾಯಾರು, ಮರಳುವ ಬಸ್ಸಿನಲ್ಲಿ.

"ತಪ್ಪ ನಂದ್ರಿ ಬಾಯಾರ. ನಾನಾ ಬಿಡಸಿದ್ನಿ."

"ನಿಮ್ದಲ್ಲರಿ, ನಂದು. ಹೆಸರ ಬಾಲದಾಗ ಇಟ್ಟೆ, ಬಾಲ ಅಂದಮ್ಯಾಲ ಕತ್ತರಸ್ತಾರ."

ನಾಲ್ಕು ತಿಂಗಳು ಅವರು ಹಾಡಲಿಲ್ಲ. ಕೇಂದ್ರಕ್ಕೆ ಬರುವುದು, ಮನೆಮನೆ ತಿರುಗುವುದು, ಕೂಸುಗಳನ್ನು ತೂಗಿ ಬರೆದಿಡುವುದು, ಅಷ್ಟೇ. ಐದನೆಯ ತಿಂಗಳಲ್ಲಿ ಒಂದು ದಿನ ಹಾರ್ಮೋನಿಯಂ ತೆಗೆಯಿರಿ ಎಂದು ಹೇಳಿ, ಹೊಸ ತೊಟ್ಟಿಲ ಪದ ಹಾಡಿದರು. ಅದರ ಪಲ್ಲವಿಯೇ ಹೀಗೆ:

ಕಿವಿಗೊಟ್ಟ ಕೇಳ ಕೂಸ, ಅಂಕಲಿ ಹೊಳೆವ್ವ ಹಾಡ್ಯಾಳ.

ಪ್ರತಿ ನುಡಿಗೂ ಪಲ್ಲವಿಗೆ ಮರಳಲೇಬೇಕು. ಯಾವ ನುಡಿ ಕತ್ತರಿಸಿದರೂ ಹೆಸರು ಉಳಿಯುತ್ತದೆ! ತಂದೆಯವರ ಪದ್ಧತಿಯನ್ನು ಮಗಳು ತಲೆಕೆಳಗು ಮಾಡಿದ್ದಳು. ಧಾಟಿಯಂತೂ ಹಿಂದಿನದಕ್ಕಿಂತ ಒಂದು ಕೈ ಮೇಲು. ಎರಡೇ ವರ್ಷದಲ್ಲಿ ಆ ಪದ ಕಾಗವಾಡದವರೆಗೂ ಹೋಯಿತು, ಈ ಸಲ ಹೆಸರಿನ ಸಮೇತ.

೧೯೯೭ರಲ್ಲಿ ರಾಯಬಾಗದ ದ್ರಾಕ್ಷಿ ತೋಟದ ಬಾಬಾಸಾಹೇಬರ ಮೊಮ್ಮಗಳ ಹೆಸರಿಡುವ ಶಾಸ್ತ್ರ. ಐಶ್ವರ್ಯಾ ಎಂದು ಮೊದಲೇ ಗೊತ್ತು ಮಾಡಿ ಚೀಟಿಯಲ್ಲಿ ಬರೆದಿಟ್ಟಿದ್ದರು. ಬಾಯಾರು ಹಾಡುತ್ತಿದ್ದರು, ಹೆಂಗಸರೆಲ್ಲ ಪಲ್ಲವಿ ಹಿಡಿದಿದ್ದರು. ಸೋದರತ್ತೆ ಅಕ್ಕವ್ವ ಸಂಪ್ರದಾಯದಂತೆ ಬಾಗಿ, ಕೂಸಿನ ಕಿವಿಯಲ್ಲಿ 'ಕುರ್ರ' ಎಂದು, ಪಲ್ಲವಿಯ ಗುಂಗಿನಲ್ಲಿ ಬಾಯ್ತಪ್ಪಿ 'ಹೊಳೆವ್ವ' ಎಂದುಬಿಟ್ಟರು. ಹೆಸರು ಹೇಳಿದ ಸೋದರತ್ತೆಯ ಬೆನ್ನಿಗೆ ಶಾಸ್ತ್ರದಂತೆ ಗುದ್ದಲು ಎತ್ತಿದ್ದ ಹೆಂಗಸರ ಕೈಗಳು ಎತ್ತಿದಲ್ಲೇ ನಿಂತವು.

"ಅಯ್ಯ, ನನ್ನ ಹಳೀ ಹೆಸರ ಯಾಕ್ರಿ ಕೂಸಿಗೆ? ಇನ್ನೊಮ್ಮೆ ಹೇಳ್ರಿ" ಎಂದು ಬಾಯಾರು ಗಾಬರಿಯಾದರು.

"ಕಿವಿಗೆ ಬಿದ್ದ ಹೆಸರ ತಿರಗಿ ತಗೊಳ್ಳಾಕ ಬರಂಗಿಲ್ರಿ ಬಾಯಾರ. ಅದಾ ಇರಲಿ" ಎಂದರು ಬಾಬಾಸಾಹೇಬರು.

ತುಂಬಿದ ಸಭೆಯಲ್ಲಿ ಕಣ್ಣೀರು ಹಾಕದೆ ಇಳಿದಿದ್ದ ಹೊಳೆವ್ವನವರು ಅಂದು ಆ ಕೂಸನ್ನೆತ್ತಿಕೊಂಡು ಗಳಗಳನೆ ಅತ್ತರು. ಹಾರ್ಮೋನಿಯಂ ಹಿಂದಿದ್ದವನ ಕಣ್ಣೂ ಒಣಗಿರಲಿಲ್ಲ. ಎರಡು ವರ್ಷದ ಆ ಪುಟ್ಟ ಹೊಳೆವ್ವ ಈಗ ಕರೆದರೆ ಓಗೊಡುತ್ತಾಳೆ. ಸರಕಾರಿ ಕೆಲಸಕ್ಕೆ ನಿವೃತ್ತಿಯುಂಟು, ಪದಕ್ಕಿಲ್ಲ. ಈ ನಾಡಿನ ಇನ್ನೂ ನೂರು ಸೋದರತ್ತೆಯರ ನಾಲಿಗೆ ಹೀಗೆಯೇ ತಪ್ಪುವಷ್ಟು ಕಾಲ ನಮ್ಮ ಬಾಯಾರು ಗಟ್ಟಿಯಾಗಿ ಬಾಳಲಿ, ಕಟ್ಟಲಿ, ಹಾಡಲಿ.