ಹೆಂಗಸರ ಪಂಕ್ತಿಯ ಪಾಯಸ

ಇವತ್ತು ಮೊಮ್ಮಗನ ಮದುವೆ ಊಟದಲ್ಲಿ ಬೆಲ್ಲದ ಪಾಯಸದ ವಾಸನೆ ಬಂತು ನೋಡಿ, ಮಹಾರಾಜರ ಕಾಲದ ಕೊಡಿಗೇನಹಳ್ಳಿಯ ನಮ್ಮ ಹಜಾರಕ್ಕೆ ಹೋಗಿಬಿಟ್ಟೆ.

ಚಿಕ್ಕಪ್ಪನ ಮದುವೆ ಗೊತ್ತಾಗಿ ಪಾವಗಡದ ಬೀಗರು ಊಟಕ್ಕೆ ಬಂದಿದ್ದರು. ಬಸುರಿಯಾಗಿದ್ದ ಅಮ್ಮನಿಗೆ ಪಾಯಸದ ಬಯಕೆ. ಬೆಳಗಿನಿಂದ ಒಲೆ ಮುಂದೆ ಕೂತು ತಾನೇ ಕೈಯಾಡಿಸಿದ್ದಳು. ಮೊದಲ ಪಂಕ್ತಿ ಗಂಡಸರದು. “ಇಂಕಾ ಕೊಂಚೆಂ ಪೊಯ್ಯಮ್ಮಾ,” ಎಂದು ತೆಲುಗಿನಲ್ಲೇ ಇನ್ನೊಂಚೂರು ಪಾಯಸ ಕೇಳುತ್ತಾ ದೊಡ್ಡ ಬೀಗರು ಮುತ್ತುಗದೆಲೆಯನ್ನು ಮತ್ತೆ ಮತ್ತೆ ಮುಂದಕ್ಕೆ ತಳ್ಳಿದರು. ಅಡುಗೆಮನೆಯಲ್ಲಿ ಹೆಂಗಸರು ಎಲೆ ಹಾಕಿಕೊಳ್ಳುವ ಹೊತ್ತಿಗೆ ಪಾತ್ರೆಯ ತಳ ಕಾಣುತ್ತಿತ್ತು.

ತಾತ ಬಾಗಿಲಲ್ಲಿ ನಿಂತು ವಾಡಿಕೆಯಂತೆ ಕೇಳಿದರು: “ಏನೂ ಕೊರತೆ ಆಗ್ಲಿಲ್ವೇನ್ರಮ್ಮಾ?”

“ಏನೂ ಇಲ್ಲ ಮಾವ,” ಅಂದಳು ಅಮ್ಮ.

ನಾನು ಸುಮ್ಮನಿರುವ ಹುಡುಗಿಯಲ್ಲ. ಎದ್ದು ನಿಂತು, ಸೌಟಿನಿಂದ ಪಾತ್ರೆಗೆ ಬಡಿದು, ಸರ್ಕಾರದ ಹುಕುಂ ಸಾರುವ ತಳವಾರನ ಗಾಂಭೀರ್ಯದಲ್ಲಿ ಡಂಗುರ ಹೊಡೆದೆ: “ಕೇಳ್ರಪ್ಪೋ ಕೇಳ್ರಿ, ಹೆಂಗಸ್ರ ಪಂಕ್ತೀಲಿ ಪಾಯಸ ಕೊರತೆ ಬಿದ್ದೈತೆ.”

ಹಜಾರದ ಗಂಡಸರೆಲ್ಲ ನಕ್ಕರು. ತಾತ ಚಿಕ್ಕಪ್ಪನ ಕಡೆ ತಿರುಗಿ, “ಇವ್ಳ ನಾಲ್ಗೆಗೇನೂ ಕೊರತೆ ಇಲ್ಲ ಕಣ್ಲಾ,” ಅಂದು ನಗುತ್ತಲೇ ಎಲೆಯಡಿಕೆ ತಟ್ಟೆಗೆ ಕೈ ಹಾಕಿದರು.

ಅಮ್ಮ ನಗಲಿಲ್ಲ. ಸೌಟು ಕಿತ್ತುಕೊಂಡಳು. ಪಾತ್ರೆಯ ಅಂಚಿಗೆ ಅಂಟಿದ್ದನ್ನು ಬೆರಳಲ್ಲಿ ಬಳಿದು ನನ್ನ ಬಾಯಿಗೇ ಇಟ್ಟು, “ಇನ್ ಬಾಯ್ ಮುಚ್ಕಳೇ,” ಅಂದಳು.

ಇವತ್ತು ಮೊಮ್ಮಗ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ: “ಅಜ್ಜೀ, ಏನೂ ಕೊರತೆ ಆಗ್ಲಿಲ್ವಾ?”

ನನ್ನ ಎಲೆಗೆ ಪಾಯಸ ಬಂದೇ ಇರಲಿಲ್ಲ. ಕೈಗೆಟುಕುವ ಹಾಗೆ ಒಂದು ಸೌಟೂ ಇತ್ತು.

“ಏನೂ ಇಲ್ಲ ಕಣಪ್ಪ,” ಅಂದೆ.