ಕಾರಿನ ಮುಖ, ಕಾರಿನ ಮಣೆ

ಚಿಕ್ಕ ಮಗುವೊಂದನ್ನು ಕಾರಿನ ಎದುರು ನಿಲ್ಲಿಸಿ ಇದೇನೆಂದು ಕೇಳಿ ನೋಡಿ. ಅದು ಕಾರು ಎನ್ನುವ ಮೊದಲು ‘ನಗ್ತಾ ಇದೆ’ ಎಂದೋ ‘ಸಿಟ್ಟು ಮಾಡ್ಕೊಂಡಿದೆ’ ಎಂದೋ ಹೇಳಿಬಿಡುತ್ತದೆ. ದೀಪಗಳೆರಡು ಕಣ್ಣು, ನಡುವಿನ ಜಾಲರಿ ಹಲ್ಲು, ಬಂಪರು ಕೆಳತುಟಿ, ಬಾನೆಟ್ಟು ಹಣೆ. ಈಚೆಗೆ ನಮ್ಮ ಒಂಟಿಕೊಪ್ಪಲಿನ ರಸ್ತೆಗಳಲ್ಲಿ ಓಡಾಡುವ ಹೊಸ ಕಾರುಗಳ ಮುಖವನ್ನು ನೀವೂ ಗಮನಿಸಿರಬೇಕು. ಕಣ್ಣು ಓರೆ, ಹುಬ್ಬು ಗಂಟು, ತುಟಿ ಬಿಗಿ. ಮನೆಯಲ್ಲಿ ಜಗಳವಾಡಿ ತಿಂಡಿ ತಿನ್ನದೆ ಹೊರಟುಬಂದವರ ಹಾಗೆ. ಬೆಳಿಗ್ಗೆ ಹಾಲು ತರಲು ಹೋದವನನ್ನು ಬೀದಿಯುದ್ದಕ್ಕೂ ಇಂಥವು ಗುರಾಯಿಸುತ್ತಿದ್ದರೆ, ಮನೆ ಸೇರುವಷ್ಟರಲ್ಲಿ ಹಾಲಿಗಿಂತ ಮೊದಲು ನಾನೇ ಒಡೆದುಹೋಗಿರುತ್ತೇನೆ.

ಇದನ್ನು ಹೇಳುವ ಅಧಿಕಾರ ನಿಮಗೆಲ್ಲಿಯದು ಎಂದು ಕೇಳಬೇಡಿ. ಕಾರಿನ ರೂಪಲಾವಣ್ಯದ ಬಗ್ಗೆ ಮೈಸೂರಿನಲ್ಲಿ ನನ್ನಷ್ಟು ತಿಳಿದವರು ಇರಬಹುದು; ನನ್ನಷ್ಟು ಮಾತಾಡಿದವರು ಖಂಡಿತ ಇಲ್ಲ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತನಾದ ಮೇಲೆ, ಭೂಮಿ ಗುಂಡಗಿದೆ ಎಂದು ನಂಬಿಸಲು ಯಾರೂ ಸಿಗದೆ, ಕಾರು ಹೇಗಿರಬೇಕು ಎಂದು ನಂಬಿಸುವ ಕೆಲಸಕ್ಕೆ ಇಳಿದವನು ನಾನು. ತೊಂಬತ್ತರ ದಶಕದ ನಡುವಿನಲ್ಲಿ, ದೊಡ್ಡವರೆಲ್ಲ ಹೊಸ ಹೊಸ ಕಾರುಗಳ ಬೆನ್ನು ಹತ್ತಿ ಹಳೆಯವನ್ನು ಕೈಬಿಟ್ಟಾಗ, ಎರಡು ಕೈ ದಾಟಿದ ನೀಲಿ ಕಾಂಟೆಸ್ಸಾ ಒಂದು ನನ್ನ ಕೈಗೆ ಬಂತು. ಉದ್ದ, ಅಗಲ, ಗಾಂಭೀರ್ಯ ಎಲ್ಲದರಲ್ಲೂ ಅದು ನನ್ನ ಪಿಂಚಣಿಗೆ ಮೀರಿದ್ದು. ಪೆಟ್ರೋಲ್ ಬಂಕು ಕಂಡರೆ ಹಳೆಯ ಗೆಳೆಯನನ್ನು ಕಂಡಂತೆ ತಾನೇ ಅತ್ತ ತಿರುಗುತ್ತಿತ್ತು.

ಭಾನುವಾರ ಬೆಳಗಾದರೆ ಪುಟ್ಟೇಗೌಡರ ಮನೆಯ ಮುಂದಿನ ಹೊಂಗೆಮರದ ಕೆಳಗೆ ಮೂರು ಕಾರು, ಮೂರು ಬಕೆಟ್ಟು, ಮೂರು ಅಭಿಪ್ರಾಯ. ಪುಟ್ಟೇಗೌಡರದು ಬೇಸಾಯದ ಮನೆತನ. ಇಲ್ಲಿನ ಹೆಬ್ಬಾಳದ ಕಾರ್ಖಾನೆಗಳಿಗೆ ಊಟ ಒದಗಿಸುವ ಕಂತ್ರಾಟು ಹಿಡಿದು ಪಟ್ಟಣಿಗರಾದವರು, ಅನ್ನದ ತಪ್ಪಲೆ ಹಿಡಿಸುವ ಅಂಬಾಸಡರಿಗೆ ಪರಮಭಕ್ತರು. ಜವಳಿ ಅಂಗಡಿಯ ನಂಜುಂಡಪ್ಪನವರು ವಿಭೂತಿ ಇಲ್ಲದೆ ಹೊಸ್ತಿಲು ದಾಟದವರು, ತೆಂಗಿನಮರದಂಥ ಆಳು. ಅಷ್ಟು ಎತ್ತರವನ್ನು ಮಡಿಸಿಕೊಂಡು ಪುಟ್ಟ ಪದ್ಮಿನಿ ಕಾರಿನೊಳಗೆ ಕೂರುತ್ತಿದ್ದುದರಿಂದ, ಯಾವ ತಪ್ಪೂ ಮಾಡದೆ ಜೀವನವಿಡೀ ತಲೆತಗ್ಗಿಸಿದವರು.

‘ನೋಡಿ ಮೇಷ್ಟ್ರೇ,’ ಎಂದು ಗೌಡರು ಬಟ್ಟೆ ಹಿಂಡುತ್ತಾ ಶುರುಮಾಡುವರು. ‘ನಮ್ಮ ಅಂಬಾಸಡರ್ದು ಹೊಟ್ಟೆತುಂಬ ಉಂಡು ಎಲೆಅಡಿಕೆ ಹಾಕ್ಕೊಂಡ್ ಕೂತಿರೋ ಯಜಮಾನನ ಮುಖ ಕಣ್ರೀ. ನಿಮ್ದು ಅಂಗಲ್ಲ. ಮೂಗು ಮುಂದಕ್ಕೆ ಚಾಚ್ಕೊಂಡು, ಹೊಟ್ಟೆ ನೆಲಕ್ಕೆ ತಾಕುಸ್ಕೊಂಡು, ಮೊಸಳೆ ಬಂದಂಗೆ ಬತ್ತದೆ.’

‘ಮೊಸಳೆಯಲ್ಲ ಗೌಡ್ರೇ, ಸಿಂಹ. ಹೊಂಚು ಹಾಕೋ ಸಿಂಹ ತಗ್ಗಿಯೇ ಇರುತ್ತೆ.’

‘ಸಿಂಹನೂ ಬೇಡ, ಮೊಸಳೆನೂ ಬೇಡ. ಹಣೆ ಎಲ್ರೀ?’ ಇದು ನಂಜುಂಡಪ್ಪನವರ ಏಕೈಕ ಸೌಂದರ್ಯಸೂತ್ರ. ‘ಈಗ ಬರೋ ಕಾರಲ್ಲೆಲ್ಲ ಹಣೆ ಅನ್ನೋದನ್ನ ಜಾರುಬಂಡೆ ಮಾಡ್ಬುಟ್ಟವ್ರೆ. ಆಯುಧಪೂಜೆ ದಿನ ವಿಭೂತಿ ಬಳಿದ್ರೆ ಮೂಗಿಗೆ ಇಳಿಯುತ್ತೆ. ಮೂರು ಬೆರಳಿಗೆ ಜಾಗ ಕೊಡದೇ ಇರೋನು ಎಂಥಾ ಎಂಜಿನಿಯರ್ರು?’

ಮುಂದಿನ ಕಾಲದ ಕಾರು ಹೇಗಿರುತ್ತದೆ ಎಂಬುದು ಇನ್ನೊಂದು ಅಕ್ಷಯ ವಿಷಯ. ಕಾರುಗಳು ವರ್ಷವರ್ಷವೂ ತಗ್ಗುತ್ತಾ, ಉದ್ದವಾಗುತ್ತಾ ಹೋಗಿ, ಕೊನೆಗೆ ಮನುಷ್ಯರು ಅನಂತಶಯನರಾಗಿ ಮಲಗಿಕೊಂಡೇ ಓಡಿಸುತ್ತಾರೆಂಬುದು ನನ್ನ ಭವಿಷ್ಯವಾಣಿ. ಡ್ರೈವರೇ ಇರುವುದಿಲ್ಲ ಎನ್ನುವುದು ಗೌಡರ ವಾದ. ‘ಅದೇನ್ ದೊಡ್ಡ ವಿದ್ಯೆ ಅಲ್ಲ ಬುಡಿ ಮೇಷ್ಟ್ರೇ. ನಮ್ಮಪ್ಪ ಸಂತೆ ಮುಗುಸ್ಕೊಂಡು ಗಾಡೀಲಿ ನಿದ್ದೆ ಹೊಡ್ಕೊಂಡೇ ಬರೋರು. ಎತ್ತು ಮನೆ ಮುಂದೆ ತಂದು ನಿಲ್ಲಿಸ್ತಿತ್ತು.’ ಹಿಂದಿನದೇ ಮುಂದೆ ಬರುತ್ತದೆ ಎಂಬ ಈ ವಾದವನ್ನು ಖಂಡಿಸಲು ಭೂಗೋಳ ಮೇಷ್ಟ್ರ ಬಳಿ ಯಾವ ನಕ್ಷೆಯೂ ಇರಲಿಲ್ಲ.

ಇಷ್ಟೆಲ್ಲ ಮೀಮಾಂಸೆ ನಡೆಯುತ್ತಿದ್ದಾಗ ನನ್ನ ಮನೆಯೊಳಗೆ ನಡೆಯದೆ ನಿಂತದ್ದು ಬೇರೆಯೇ ಒಂದು. ನನ್ನ ಹೆಂಡತಿ ಕಮಲ, ನಜರ್‌ಬಾದಿನಲ್ಲಿರುವ ಅವಳ ತಂಗಿ ಸರೋಜ. ಹೆಸರಿಟ್ಟ ಮಾವನವರಿಗೆ ಒಂದೇ ಹೂವು ಇಬ್ಬರು ಹೆಣ್ಣುಮಕ್ಕಳಿಗೆ ಸಾಕಾಯಿತು. ಪ್ರತಿ ಗುರುವಾರ ಅಕ್ಕ ತಂಗಿಯ ಮನೆಗೆ ಹೋಗಬೇಕು, ಇಬ್ಬರೂ ಕೂತು ಅಕ್ಕಿ ಆರಿಸಬೇಕು, ಅಕ್ಕಿಯಲ್ಲಿ ಕಲ್ಲು ಸಿಗದಿದ್ದರೆ ನೆಂಟರಲ್ಲಿ ಹುಡುಕಬೇಕು. ಇದು ಅವರ ವ್ರತ. ಸರೋಜಳಿಗೆ ಕಣ್ಣು ಮಂಜಾದ ಮೇಲೆ ಅವಳು ಒಬ್ಬಳೇ ರಸ್ತೆ ದಾಟುವುದು ನಿಂತಿತು. ಆಮೇಲೆ ಕಮಲಳ ಮಂಡಿ ಹಟ ಹಿಡಿಯಿತು. ಆಟೋ ಅವಳ ಪಾಲಿಗೆ ಏಣಿ, ನನ್ನ ಕಾಂಟೆಸ್ಸಾ ಬಾವಿ. ಗುರುವಾರಗಳು ಒಂದೊಂದಾಗಿ ತಪ್ಪಿ, ಕೊನೆಗೆ ವ್ರತಭಂಗವೇ ಆಯಿತು. ಫೋನಿನಲ್ಲಿ ಮಾತಾಡಿ ಇಟ್ಟ ಮೇಲೆ ಅವಳು ಸ್ವಲ್ಪ ಹೊತ್ತು ಫೋನಿನ ಪಕ್ಕದಲ್ಲೇ ಕೂತಿರುತ್ತಿದ್ದಳು.

‘ಮಂಡಿಗೆ ವಯಸ್ಸಾಯ್ತು ಕಣೇ, ಕಾರಿಗಲ್ಲ,’ ಎಂದು ನಾನು ಚುಡಾಯಿಸುತ್ತಿದ್ದೆ.

‘ನಿಮ್ಮ ಕಾರಿಗೆ ಇಳಿಯೋದಷ್ಟೇ ಕಣ್ರೀ ಬರೋದು. ಹತ್ತೋಕೆ ಬರಲ್ಲ,’ ಎನ್ನುತ್ತಿದ್ದಳು ಅವಳು.

ನಾನು ಬಾಗಿಲು ತೆರೆದು, ಕೈನೀಡಿ, ಮಡದಿಯನ್ನು ಇಳಿಸಿಕೊಳ್ಳುವ ರೀತಿಯನ್ನು ಕಂಡು ಬೀದಿಯ ಹೆಂಗಸರು ತಮ್ಮ ಗಂಡಂದಿರನ್ನು ಬೈಯುತ್ತಾರೆಂದು ನಾನು ಗೆಳೆಯರ ಮುಂದೆ ಕೊಚ್ಚಿಕೊಂಡದ್ದುಂಟು. ನಿಜವಾಗಿ ಅದು ದಾಕ್ಷಿಣ್ಯವಾಗಿರಲಿಲ್ಲ, ಬಾವಿಯಿಂದ ಕೊಡ ಸೇದುವ ಕ್ರಿಯೆಯಾಗಿತ್ತು. ಕೊಡಕ್ಕಾದರೂ ಮಾತು ಬರುವುದಿಲ್ಲ. ‘ಬೀದಿಯವರ ಮುಂದೆ ಎಳೆಸ್ಕೊಂಡು ತಂಗಿ ಮನೆಗೆ ಹೋಗೋ ಕರ್ಮ ನನಗೆ ಬೇಡ,’ ಎಂದು ಅವಳು ಒಂದು ದಿನ ಶಾಂತವಾಗಿ ಹೇಳಿ ಸೆರಗು ಸಿಕ್ಕಿಸಿ ಒಳಗೆ ಹೋದಳು. ಕಾಂಟೆಸ್ಸಾ ಇಲ್ಲವೇ ನಜರ್‌ಬಾದು ಎಂಬ ಪ್ರಶ್ನೆ ನನ್ನ ಮುಂದೆ ನಿಂತಿತ್ತು. ನಾನು ಅದರ ಮುಂದೆ ನಿಲ್ಲಲಿಲ್ಲ. ಬಕೆಟ್ಟು ಹಿಡಿದು ಹೊಂಗೆಮರದ ಕಡೆ ನಡೆದೆ.

ಅದೇ ಕಾಲಕ್ಕೆ ನಂಜುಂಡಪ್ಪನವರು ಪದ್ಮಿನಿಯನ್ನು ಕೊಟ್ಟು ಹೊಸ ಮಾದರಿಯ ಕಾರೊಂದನ್ನು ತಂದರು. ಆಗಷ್ಟೇ ಊರಿಗೆ ಬರತೊಡಗಿದ್ದ ಎತ್ತರದ ಪುಟ್ಟ ಕಾರುಗಳನ್ನು ನೀವು ಬಲ್ಲಿರಿ. ಯಾರೋ ಸಾಮಾನ್ಯ ಕಾರನ್ನು ಎರಡು ಕಡೆಯಿಂದ ಅಮುಕಿ ಮೇಲಕ್ಕೆ ಉಬ್ಬಿಸಿದಂತೆ. ಅದೂ ಕೆಂಪು ಬಣ್ಣ.

‘ಇದೇನ್ ಸಾಹುಕಾರ್ರೇ, ಡಿಕ್ಕಿನೇ ಇಲ್ವಲ್ಲ!’ ಎಂದು ಗೌಡರು ಹಿಂದೆ ಹೋಗಿ ಹೌಹಾರಿದರು. ‘ಡಿಕ್ಕಿ ಇಲ್ದಿದ್ ಕಾರು ಬಾಲ ಇಲ್ದಿದ್ ಹಸ ಇದ್ದಂಗೆ.’

‘ಡಿಕ್ಕಿ ಆಗದೇ ಇರ್ಲಿ ಅಂತ ತಾನೇ ಗೌಡ್ರೇ ಎಲ್ಲಾ ದೇವರಿಗೂ ಕೈಮುಗಿಯೋದು?’ ಎಂದರು ನಂಜುಂಡಪ್ಪನವರು. ಹೊಸ ಕಾರಿನೊಳಗೆ ಅವರು ತಲೆಯೆತ್ತಿ ಕೂತಿದ್ದರು. ನಾನು ಹಣೆಯ ಮಾತು ಎತ್ತಿದೆ. ‘ಹಣೆ ಚಿಕ್ಕದೇ ಇರ್ಬೋದು ಮೇಷ್ಟ್ರೇ. ನನ್ನ ಹಣೆ ಮಾತ್ರ ಇನ್ಮೇಲೆ ಮೇಲಿನ ತಗಡಿಗೆ ತಾಕಲ್ಲ.’

ಇಂಥ ಮಾತಿಗೆ ಮಾತಿನಲ್ಲಿ ಉತ್ತರ ಕೊಡುವುದು ನನ್ನ ಪ್ರತಿಭೆಗೆ ಅವಮಾನ. ಮಾರನೆಯ ದಿನ ಅವರ ಕಾರು ಅಂಗಡಿಯ ಮುಂದೆ ನಿಂತಿದ್ದಾಗ, ‘ಅಂಚೆ ಪೆಟ್ಟಿಗೆ. ಪತ್ರಗಳನ್ನು ಇಲ್ಲಿ ಹಾಕಿ’ ಎಂದು ದಪ್ಪಕ್ಷರದಲ್ಲಿ ಬರೆದ ಕಾಗದವೊಂದನ್ನು, ಗಾಳಿಗೆಂದು ಕೊಂಚ ಇಳಿಸಿದ್ದ ಕಿಟಕಿಯ ಗಾಜಿಗೆ ಅಂಟಿಸಿ ಬಂದೆ. ಕಪ್ಪು ಹಲಗೆಯ ಮೇಲೆ ಬಾಳು ಸವೆಸಿದ ಕೈ. ಅಕ್ಷರಗಳು ಸರ್ಕಾರವೇ ಬರೆಸಿದಂತೆ ಬಂದಿದ್ದವು.

ಸಂಜೆ ನಂಜುಂಡಪ್ಪನವರು ಆ ಕಾರಿನಲ್ಲೇ ನಮ್ಮ ಗೇಟಿನ ಮುಂದೆ ಬಂದಿಳಿದರು. ಕೈಯಲ್ಲಿ ಒಂದು ಇನ್‌ಲ್ಯಾಂಡು ಪತ್ರ.

‘ವಯಸ್ಸಾಯ್ತು, ಬುದ್ಧಿ ಬರ್ಲಿಲ್ಲ ನಿಮ್ಗೆ! ಯಾರೋ ಪುಣ್ಯಾತ್ಮ ನಂಬಿ ಕಾಗದ ಹಾಕ್ಬುಟ್ಟವ್ನೆ ಕಣ್ರೀ. ಈಗ ನಾನು ಇದನ್ನ ಪೋಸ್ಟಾಫೀಸಿಗೆ ಹೊತ್ಕೊಂಡು ಹೋಗ್ಬೇಕು.’

‘ಹೋಗಿ. ಪೆಟ್ಟಿಗೆ ತಾನೇ ಎದ್ದು ಕಾಗದ ಮುಟ್ಟಿಸೋಕೆ ಹೋಗೋದು ಪ್ರಪಂಚದಲ್ಲಿ ಇದೇ ಮೊದಲು.’

ನಗು ಕೇಳಿ ಕಮಲ ಕಾಫಿ ಹಿಡಿದು ಹೊರಗೆ ಬಂದಳು. ಲೋಟಗಳನ್ನು ಕಾಂಪೌಂಡಿನ ಮೇಲಿಟ್ಟು ಕಾರನ್ನು ನೋಡಿದಳು. ಕಾರಿನ ಬಗ್ಗೆ ಅಭಿಪ್ರಾಯ ಉಳ್ಳವರು ಯಾರೇ ಆಗಲಿ ಮೊದಲು ಮುಂದೆ ಹೋಗಿ ನಿಲ್ಲುತ್ತಾರೆ. ಇವಳು ಪಕ್ಕಕ್ಕೆ ಹೋದಳು.

‘ಬಾಗಿಲು ತೆಗೀರಿ ನಂಜುಂಡಪ್ಪನೋರೇ.’

ಅವರು ತೆಗೆದರು. ಸೀಟು ಅವಳ ಸೊಂಟಕ್ಕೆ ಸರಿಯಾಗಿತ್ತು. ಕಮಲ ಸೀಟಿಗೆ ಬೆನ್ನು ತಿರುಗಿಸಿ, ಜಗಲಿಯ ಮೇಲೆ ಕೂರುವವಳಂತೆ ಕೂತಳು. ಒಂದು ಕಾಲು ಎತ್ತಿ ಒಳಗಿಟ್ಟುಕೊಂಡಳು, ಆಮೇಲೆ ಇನ್ನೊಂದು. ಏಳುವಾಗ ಕೂರುವಾಗ ಅವಳ ಬಾಯಿಂದ ತಾನಾಗಿ ಬರುತ್ತಿದ್ದ ‘ಅಮ್ಮಾ’ ಬರಲೇ ಇಲ್ಲ. ಅದು ಬರಲಿಲ್ಲವೆಂದು ಅವಳಿಗೂ ಗೊತ್ತಾಯಿತು. ಸೀಟನ್ನು ಅಂಗೈಯಿಂದ ಒಮ್ಮೆ ಸವರಿದಳು.

‘ಹೀಗೇ ನಜರ್‌ಬಾದಿಗೆ ಬಿಟ್ಬಿಡ್ತೀರಾ?’

‘ಅದಕ್ಕೇನಕ್ಕ, ಪೋಸ್ಟಾಫೀಸು ದಾರೀಲೇ ಸಿಗುತ್ತೆ.’

‘ಈಗಲೇ? ಅಡುಗೆ?’ ಎಂದೆ ನಾನು.

‘ಸಾರಿದೆ. ಅನ್ನ ಇಟ್ಕೊಳ್ಳಿ.’

‘ಅಲ್ಲ ಕಣೇ, ಆ ಕಾರಿನ ಮುಖ ಒಂದ್ಸಲ ನೋಡಿ ಮಾತಾಡು!’

‘ಒಳಗೆ ಕೂತೋರಿಗೆ ಕಾರಿನ ಮುಖ ಎಲ್ಲ್ರೀ ಕಾಣುತ್ತೆ?’

ಕಾರು ಹೊರಟುಹೋಯಿತು. ಮೂರು ಲೋಟ ಕಾಫಿಯ ಮುಂದೆ ನಾನೊಬ್ಬನೇ ನಿಂತಿದ್ದೆ. ಮೂರನ್ನೂ ಕುಡಿದೆ, ದುಃಖಕ್ಕಲ್ಲ, ಆರಿಹೋಗುತ್ತದೆಂದು. ಆಮೇಲೆ ಕಾಂಟೆಸ್ಸಾದೊಳಗೆ ಹೋಗಿ ಕೂತು, ಏಳುವಾಗ ನಾನೇನು ಮಾಡುತ್ತೇನೆ ಎಂದು ಗಮನಿಸಿದೆ. ಎಡಗೈ ಸ್ಟಿಯರಿಂಗಿಗೆ, ಬಲಗೈ ಬಾಗಿಲಿನ ಮೇಲಂಚಿಗೆ, ಒಂದು ಕಾಲು ಹೊರಗೆ, ಉಸಿರು ಬಿಗಿ, ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಂಡು ಒಂದು ಎಗರು. ಇದನ್ನು ನಾನು ಎಷ್ಟು ಕಾಲದಿಂದ ಮಾಡುತ್ತಿದ್ದೆನೋ! ಸಿಂಹದ ಹೊಟ್ಟೆಯಿಂದ ಹೊರಬರುವುದು ಸಿಂಹಕ್ಕೆ ಸುಲಭವಲ್ಲ, ಆಹಾರಕ್ಕೂ ಸುಲಭವಲ್ಲ.

ಮುಖ ನೋಡಿ ಮಣೆ ಹಾಕಬಾರದೆಂದು ಹಿರಿಯರು ಹೇಳುತ್ತಾರೆ. ನಾವು ಮೂವರು ಹೊಂಗೆಮರದ ಕೆಳಗೆ ಅಷ್ಟು ವರ್ಷ ಮಾಡಿದ್ದು ಅದನ್ನೇ, ಸ್ವಲ್ಪ ತಲೆಕೆಳಗಾಗಿ: ಮುಖದ ಮೇಲೆ ಮುಖ ನೋಡಿದೆವು, ಮಣೆಯನ್ನು ಮಾತ್ರ ನೋಡಲಿಲ್ಲ. ಕಾರಿನ ಅಂದಚಂದದ ಚರ್ಚೆಯೆಲ್ಲ ಹೊರಗೆ ನಿಂತವರದು. ಕೂತು ಹೋಗಬೇಕಾದವರನ್ನು ಕೇಳುವ ಪದ್ಧತಿ ನಮ್ಮ ಸಭೆಯಲ್ಲಿ ಇರಲಿಲ್ಲ. ಅವರು ಹೆಚ್ಚಾಗಿ ಒಳಗೆ ನಮಗೆ ಕಾಫಿ ಕಾಯಿಸುತ್ತಿದ್ದರು.

ಕಾಂಟೆಸ್ಸಾವನ್ನು ಒಬ್ಬ ತರುಣ ಬಂದು ಕೊಂಡುಹೋದ. ಅವನು ಅದರ ಮುಂದೆ ನಿಂತು ಬಾಯಿ ತೆರೆದುಕೊಂಡು ನೋಡಿದ ರೀತಿ ನನಗೆ ಚೆನ್ನಾಗಿ ಗೊತ್ತಿದ್ದದ್ದು. ಮಂಡಿಯ ವಿಷಯ ನಾನು ಎತ್ತಲಿಲ್ಲ. ಅದು ತಾನಾಗಿ ಏಳುವ ವಿಷಯ. ಬೂದುಬಣ್ಣದ ಎತ್ತರದ ಡಬ್ಬವೊಂದು ನಮ್ಮ ಮನೆಗೆ ಬಂತು.

‘ಏನ್ ಮೇಷ್ಟ್ರೇ, ಸಿಂಹ ಮಾರಿ ಶಾವಿಗೆ ಡಬ್ಬ ತಂದ್ಬುಟ್ರಾ?’ ಎಂದರು ಗೌಡರು.

‘ಗೌಡ್ರೇ, ಮುಂದಿನ ಕಾಲದ ಕಾರೆಲ್ಲ ಹೀಗೇ ಎತ್ತರವಾಗ್ತಾವೆ ಅಂತ ನಾನು ಮೊದಲಿಂದ ಹೇಳ್ತಾ ಬಂದಿದ್ದೆ,’ ಎಂದೆ. ಅನಂತಶಯನ ಅವರಿಗೆ ಜ್ಞಾಪಕವಿತ್ತೋ ಇಲ್ಲವೋ, ಪಾಪ, ಬಟ್ಟೆ ಹಿಂಡಿ ತಮ್ಮ ಅಂಬಾಸಡರನ್ನು ಒರೆಸತೊಡಗಿದರು. ವಾದಿಸುವ ಶಕ್ತಿ ಅವರಿಗೂ ಉಳಿದಿರಲಿಲ್ಲವೆಂದು ಕಾಣುತ್ತದೆ.

ಮೊದಲ ಗುರುವಾರ ನಜರ್‌ಬಾದಿಗೆ ಹೋದೆವು. ಸರೋಜಳ ಮನೆಯ ಮುಂದೆ ನಿಲ್ಲಿಸಿ, ಅಭ್ಯಾಸಬಲದಿಂದ ಓಡಿಹೋಗಿ ಬಾಗಿಲು ತೆರೆದು ಕೈನೀಡಿದೆ. ಕಮಲ ಆ ಕೈಗೆ ಅಕ್ಕಿಯ ಮೊರ ಕೊಟ್ಟು ತಾನೇ ಇಳಿದಳು. ಸರೋಜ ಗೇಟು ಹಿಡಿದುಕೊಂಡು ಬಂದು, ಮಂಜುಗಣ್ಣಿನಲ್ಲಿ ಕಾರನ್ನು ತಡವಿ, ‘ಇದರೊಳಗೆ ಹೆಂಗಕ್ಕ ಕೂತ್ಕೊಳ್ಳೋದು?’ ಎಂದಳು. ‘ಹಿಂಗೆ ಕಣೇ, ಬೆನ್ನು ಕೊಟ್ಟು,’ ಎಂದು ಕಮಲ ತೋರಿಸಿಕೊಟ್ಟಳು. ತಂಗಿ ಕೂತಳು. ಇನ್ನೊಂದು ಬದಿಯಿಂದ ಅಕ್ಕ ನನ್ನ ಡ್ರೈವರ್ ಸೀಟಿನಲ್ಲೇ ಕೂತಳು. ಬಾಗಿಲೆರಡೂ ತೆರೆದೇ ಇದ್ದವು. ಇಬ್ಬರಿಗೂ ಮನೆಯೊಳಗೆ ಹೋಗುವ ನೆನಪೇ ಬರಲಿಲ್ಲ. ಮೊರವನ್ನು ನನ್ನ ಕೈಯಿಂದ ಇಸಿದುಕೊಂಡು, ತಿಂಗಳುಗಟ್ಟಲೆ ಬಾಕಿ ಉಳಿದಿದ್ದ ನೆಂಟರನ್ನೆಲ್ಲ ಅಲ್ಲೇ ಆರಿಸತೊಡಗಿದರು.

ಹೊರಗೆ ನಿಂತವನಿಗೆ ಮಾಡಲು ಬೇರೆ ಕೆಲಸವಿಲ್ಲದೆ ಕಾರಿನ ಮುಂದೆ ಬಂದು ಅದರ ಮುಖ ನೋಡಿದೆ. ಸಿಂಹವೂ ಅಲ್ಲ, ಯಜಮಾನನೂ ಅಲ್ಲ. ಬಹಳ ಹೊತ್ತು ನಿಂತು ಕಾಲು ಸೋತ ಮುದುಕನೊಬ್ಬ ಕೂರಲು ಜಾಗ ಹುಡುಕುತ್ತಿರುವ ಮುಖ. ಎಲ್ಲೋ ನೋಡಿದ್ದೇನಲ್ಲ ಎಂದುಕೊಳ್ಳುತ್ತಿರುವಾಗ ಒಳಗಿನಿಂದ ಕಮಲಳ ದನಿ ಬಂತು.

‘ಎಷ್ಟೊತ್ತು ನಿಂತಿರ್ತೀರ? ಹಿಂದೆ ಜಾಗ ಇದೆಯಲ್ಲ, ಬನ್ನಿ.’

ಹಿಂದಿನ ಬಾಗಿಲು ತೆರೆದೆ. ಬೆನ್ನು ತಿರುಗಿಸಿದೆ, ಕೂತೆ, ಒಂದೊಂದೇ ಕಾಲನ್ನು ಒಳಗೆಳೆದುಕೊಂಡೆ. ಮುಖ ಮರೆಯಾಯಿತು.