ಅಕ್ಕಿ ಮೂಟೆಗಳ ಹಿಂದಿನ ಕಂಪ್ಯೂಟರು

ಯಾವ ಯಂತ್ರ ಕೊಟ್ಟರೂ ವೈಂಡಿಂಗ್ ಜವರಣ್ಣ ಮೊದಲು ಅದನ್ನು ಮೂಸಿ ನೋಡುತ್ತಿದ್ದರು. ಪಂಪ್‌ಸೆಟ್ಟಿನ ಮೋಟಾರಾಗಲಿ, ಮಿಕ್ಸಿಯಾಗಲಿ, ಮೂಗು ಹತ್ತಿರ ಹಿಡಿದು ‘ಸುಟ್ಟೈತೆ’ ಅಥವಾ ‘ಸುಟ್ಟಿಲ್ಲ’ ಎಂದು ತೀರ್ಪು ಕೊಡುವರು. ಸ್ಕ್ರೂಡ್ರೈವರು ಕೈಗೆ ಬರುತ್ತಿದ್ದುದು ಆಮೇಲೆ. ಹೊಣಕೆರೆ ಸುತ್ತಿನ ಹಳ್ಳಿಗಳಲ್ಲಿ ಅವರ ಕೈ ಸೋಕದ ಮೋಟಾರು ಕಡಿಮೆ. ರಿಪೇರಿಗೆ ತಂದವನನ್ನು ಬಯ್ಯದೆ ಕಳಿಸಿದ್ದನ್ನು ನಾನಂತೂ ಕಂಡಿಲ್ಲ. ಬಯ್ಯಿಸಿಕೊಂಡವನು ಮುಂದಿನ ಸಲವೂ ಅವರ ಹತ್ತಿರವೇ ಬರುತ್ತಿದ್ದ.

ನಮ್ಮೂರಿನ ನ್ಯಾಯಬೆಲೆ ಅಂಗಡಿ ನಡೆಸುವವನು ನಾನು. ಅಂಗಡಿ ಕೆರೆ ಏರಿಯ ಕೆಳಗಿನ ತಗ್ಗಿನಲ್ಲಿದೆ, ಅಲ್ಲಿಗೆ ಫೋನಿನ ಸಿಗ್ನಲ್ ಇಳಿಯುವುದಿಲ್ಲ. ಕಾರ್ಡಿನವರು ಹೆಬ್ಬೆಟ್ಟು ಒತ್ತಿ, ಅದು ನೆಟ್ಟಿನಲ್ಲಿ ಹೋಗಿ ಒಪ್ಪಿಗೆ ಬಂದರಷ್ಟೇ ಅಕ್ಕಿ. ತಿಂಗಳು ಮುಗಿದರೆ ಆ ತಿಂಗಳ ಅಕ್ಕಿ ಕೈತಪ್ಪಿದಂತೆಯೇ. ಮೇಲಿನ ಪಂಚಾಯ್ತಿ ಕಟ್ಟಡದಲ್ಲಿ ನೆಟ್ ಇತ್ತು. ಅವರನ್ನು ಕೇಳಿಕೊಂಡು ರಸ್ತೆ ದಾಟಿಸಿ ಎರಡು ಸಲ ವೈರು ಎಳೆಸಿದೆ. ಎರಡು ಸಲವೂ ಹುಲ್ಲು ಹೇರಿದ ಟ್ರಾಕ್ಟರು ಅದನ್ನು ಕಿತ್ತುಕೊಂಡು ಹೋಯಿತು. ಕೂಲಿ ಬಿಟ್ಟು ಬಂದ ಹೆಂಗಸರು ಸಂಜೆವರೆಗೆ ಕೂತು ಬರಿ ಚೀಲ ಹಿಡಿದು ಹೋಗುವಾಗ ನನಗೆ ಮುಖ ಎತ್ತಲು ನಾಚಿಕೆಯಾಗುತ್ತಿತ್ತು.

ಜವರಣ್ಣನ ಮುಂದೆ ಇದನ್ನು ಹೇಳಿಕೊಂಡೆ. ವಾರದೊಳಗೆ ಅವರು ಕೆ.ಆರ್. ಪೇಟೆ ಬಸ್ಸಿನಿಂದ ಇಳಿದರು, ಮುಚ್ಚಿಹೋದ ಯಾವುದೋ ಟೈಪಿಂಗ್ ಕ್ಲಾಸಿನ ಹಳೇ ಕಂಪ್ಯೂಟರನ್ನು ತಬ್ಬಿಕೊಂಡು. ಅರವತ್ತು ದಾಟಿದ ಮನುಷ್ಯ ಮೊಬೈಲಿನಲ್ಲಿ ನೋಡಿ ನೋಡಿ ಕಲಿತು, ನಾಲ್ಕು ದಿನ ಅದರ ಮುಂದೆ ಕೂತರು. ಹಳೆಯದನ್ನೆಲ್ಲ ಅಳಿಸಿದರು, ಹಿಂಬದಿಗೆ ಪಂಚಾಯ್ತಿಯ ವೈಫೈ ಹಿಡಿಯುವ ಪುಟ್ಟ ಏರಿಯಲ್ ಸಿಕ್ಕಿಸಿದರು. ಕಡೆಗೆ ಪರದೆ, ಕೀಲಿಮಣೆ ಎರಡನ್ನೂ ಕಿತ್ತಿಟ್ಟು ಬರಿ ಡಬ್ಬವನ್ನು ಅಂಗಡಿ ಹಿಂದಿನ ಗೋದಾಮಿಗೆ ಒಯ್ದರು. ಕಿಟಕಿಯಲ್ಲಿಟ್ಟರೆ ಎರಚಲು ಬಡಿಯುತ್ತದೆಂದು ಎದುರು ಗೋಡೆಗೆ ಹಲಗೆ ಹೊಡೆದು, ಕಿಟಕಿಯಾಚೆ ಕಾಣುವ ಪಂಚಾಯ್ತಿಯ ಕಡೆ ತಿರುಗಿಸಿ ಇಟ್ಟರು. ಅಲ್ಲಿಂದ ನನ್ನ ಮೇಜಿನ ಹೆಬ್ಬೆಟ್ಟಿನ ಮಿಷನ್ನಿಗೆ ಒಂದು ವೈರು.

“ಪರದೇನೇ ಇಲ್ವಲ್ಲ ಜವರಣ್ಣ, ಇದೆಂಥ ಕಂಪ್ಯೂಟರು?” ಎಂದೆ.

“ಇನ್ಮೇಲೆ ಇದು ಕಂಪ್ಯೂಟರಲ್ಲ ಕಣ್ಲಾ, ನಾಲೆ ತೂಬು. ಅತ್ಲಾಗಿಂದ ಗಾಳೀಲಿ ಬರೋದ್ನ ಇಡ್ಕೊಂಡು ಇತ್ಲಾಗೆ ವೈರಿಗೆ ಬುಡ್ತದೆ. ತೂಬಿಗೆ ಯಾಕ್ಲಾ ಪರದೆ?”

ಒಂದು ವಾರ ಚೆನ್ನಾಗಿಯೇ ನಡೆಯಿತು. ಮುಂದಿನ ತಿಂಗಳು ನಾಗಮಂಗಲದಿಂದ ಅಕ್ಕಿಯ ಲೋಡು ತಡವಾಗಿ ಬಂದು, ಹಂಚಲು ಕೊನೆಯ ದಿನವೊಂದೇ ಉಳಿಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ನೆಟ್ ಇಲ್ಲ. ಸಾಲು ಆಗಲೇ ಹುಣಸೆಮರ ಮುಟ್ಟಿತ್ತು. ಹೇಳಿಕಳಿಸಿದ ಮೇಲೆ ಜವರಣ್ಣ ಸೈಕಲ್ಲು ತುಳಿದುಕೊಂಡು ಬಂದರು. ಮೂಟೆಗಳ ಸಂದಿಯಲ್ಲಿ ತಲೆ ತೂರಿಸಿ ಡಬ್ಬವನ್ನು ಮೂಸಿದರು.

“ಸುಟ್ಟಿಲ್ಲ” ಎಂದರು. ಸೂರಿನವರೆಗೆ ಒಟ್ಟಿದ್ದ ಅಕ್ಕಿಯನ್ನು ನೋಡಿದರು, ನನ್ನನ್ನು ನೋಡಿದರು.

“ತೂಬಿನ ಬಾಯ್ಗೆ ಮೂಟೆ ಒಟ್ಟಿದ್ದೀಯಲ್ಲ, ಬುದ್ಧಿ ಐತೇನ್ಲಾ ನಿಂಗೆ? ಅಕ್ಕೀಲಿ ತ್ಯಾವ ಇರ್ತದೆ, ಬರೋದ್ನೆಲ್ಲ ಕುಡ್ಕೊಂಬುಡ್ತದೆ. ತಗ್ಸು ಅತ್ಲಾಗೆ.”

ಸಾಲಿನಲ್ಲಿದ್ದವರೇ ಬಂದು ಮೂಟೆ ಸರಿಸಿದರು. ಕಿಟಕಿ ಕಂಡದ್ದೇ ತಡ, ನೆಟ್ ಬಂತು. ಅಂದು ಒಬ್ಬರೂ ಬರಿಗೈಯಲ್ಲಿ ಹೋಗಲಿಲ್ಲ. ನನಗೆ ಜವರಣ್ಣನ ಕಾಲಿಗೆ ಬೀಳಬೇಕೆನಿಸಿತು. ಬಿದ್ದಿದ್ದರೆ ಅದಕ್ಕೂ ಬಯ್ಯುತ್ತಿದ್ದರು.

ಅವರ ಮನೆಯ ಅಕ್ಕಿಗೆ ಯಾವಾಗಲೂ ಹೆಂಡತಿ ಬರುವುದು ವಾಡಿಕೆ. ಹೋದ ಸುಗ್ಗಿಯಲ್ಲಿ ಆಕೆಗೆ ಮಂಡಿನೋವೆಂದು ಒಮ್ಮೆ ಅವರೇ ಬಂದರು. ಹೆಬ್ಬೆಟ್ಟು ಒತ್ತಿದರು, ಒಪ್ಪಿಗೆಯಾಗಲಿಲ್ಲ. ಒರೆಸಿಕೊಂಡು ಐದು ಸಲ ಒತ್ತಿದರೂ ಅದೇ ಉತ್ತರ. ತಂತಿ ಸುತ್ತಿ ಸುತ್ತಿ, ಬೆಸುಗೆ ಹಾಕಿ ಹಾಕಿ, ಅವರ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಊರಿಗೆಲ್ಲ ಅಕ್ಕಿ ಸಿಗುವಂತೆ ಮಾಡಿದವರಿಗೇ ಇಲ್ಲವೆನ್ನಬೇಕಲ್ಲ ಎಂದು ನನಗೆ ಸಂಕಟವಾಯಿತು. ಅವರು ಮಾತ್ರ ಖುಷಿಯಾಗಿದ್ದರು.

“ಬೆಳ್ಳು ಸವ್ದೋಗೈತೆ, ಮಿಷನ್ನು ಏನ್ ಮಾಡ್ತದೆ ಬುಡು. ಮೊದ್ಲು ಇಲ್ಲ ಅನ್ನಾಕೂ ಅರ್ಧ ದಿನ ತಗೋತಿತ್ತು. ಈಗ ನೋಡ್ಲಾ, ಒತ್ತುತ್ಲೂ ಇಲ್ಲ ಅಂತದೆ.”

ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಸಂಜೆ ಅವರ ಹೆಂಡತಿ ಕುಂಟುತ್ತ ಬಂದು ಒತ್ತಿದರು, ಒಂದೇ ಸಲಕ್ಕೆ ಆಯಿತು. ಇಬ್ಬರ ಅಕ್ಕಿಯನ್ನೂ ತೂಗಿಕೊಟ್ಟೆ. ಆ ಅಕ್ಕಿ ಮುಗಿಯುವ ಮೊದಲೇ ಜವರಣ್ಣ ತೀರಿಕೊಂಡರು.